ಒತ್ತಡ ಮಿತಿ ಮೀರಿದೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಕಸರತ್ತಿನ ಮೇಷ್ಟ್ರು ಬಲಗಾಲನ್ನು ಮೇಲಕ್ಕೆತ್ತಿದರು. ಹತ್ತು ನಲವತ್ತೇಳರವರೆಗೂ ಇಳಿಸಲಿಲ್ಲ.

ಅದರಲ್ಲಿ ಮೇಷ್ಟ್ರ ತಪ್ಪೇನೂ ಇರಲಿಲ್ಲ. ಅವರ ಪಾಠದ ವಿಡಿಯೊ ಅಲ್ಲಿಗೇ ನಿಂತುಹೋಗಿತ್ತು. ವಯಸ್ಸಾದವರಿಗೆ ಮನೆಯಲ್ಲೇ ಲಘು ಕಸರತ್ತು ಕಲಿಸುವ ಆ ಪುಟ್ಟ ಕಂಪನಿಗೆ ಹನ್ನೆರಡು ಸಾವಿರ ಚಂದಾದಾರರು. ಎಲ್ಲರೂ ವಿಧೇಯ ಜನ. ಮೇಷ್ಟ್ರು ಇಳಿಸದೆ ತಾವು ಇಳಿಸಬಾರದೆಂದು ಗೋಡೆ, ಕಿಟಕಿ, ಫ್ರಿಜ್ಜು, ಹೆಂಡತಿ, ಯಾವುದು ಕೈಗೆ ಸಿಕ್ಕಿತೋ ಅದನ್ನು ಹಿಡಿದುಕೊಂಡು ಕೊಕ್ಕರೆಗಳ ಹಾಗೆ ಒಂಟಿಕಾಲಿನಲ್ಲಿ ನಿಂತೇ ಇದ್ದರು. ಕೊನೆಗೆ ಒಬ್ಬ ಅಜ್ಜಿ ಆಫೀಸಿಗೆ ಫೋನು ಮಾಡಿ, "ಇನ್ನೂ ಎಷ್ಟು ಹೊತ್ತು ಅಂತ ಮೇಷ್ಟ್ರನ್ನ ಸ್ವಲ್ಪ ಕೇಳಿ ಹೇಳ್ತೀಯೇನಮ್ಮಾ? ಕಾಲು ಬದಲಾಯಿಸಿದ್ರೆ ಬೇಜಾರು ಮಾಡ್ಕೋತಾರಾ?" ಎಂದಾಗಲೇ ಒಳಗಿದ್ದವರಿಗೆ ವಿಷಯ ತಿಳಿದದ್ದು.

ವಿಡಿಯೊ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಿಕೊಳ್ಳಬೇಕಾದ ಗೆರೆಶಾಸ್ತ್ರಿ ಆ ಹೊತ್ತಿನಲ್ಲಿ ಚಹಾಕ್ಕೆ ಹೋಗಿ, ಪಕ್ಕದ ಆಫೀಸಿನವನ ಹಲ್ಲುನೋವಿನ ಕತೆ ಕೇಳುತ್ತಾ ನಿಂತುಬಿಟ್ಟಿದ್ದ.

ಗೆರೆಶಾಸ್ತ್ರಿ ಅನ್ನುವುದು ಆಫೀಸಿನವರು ಇಟ್ಟ ಹೆಸರು. ದಿನವಿಡೀ ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆಗಳನ್ನು ನೋಡುವುದೇ ಅವನ ಕೆಲಸ. ಅಂಗೈ ನೋಡಿ ಭವಿಷ್ಯ ಹೇಳುವವರ ಹಾಗೆ ಅವನು ಆ ಗೆರೆ ನೋಡಿ, "ಉತ್ತರದ ಕಡೆ ಸ್ವಲ್ಪ ನಿಧಾನ ಇದೆ" ಅನ್ನುತ್ತಿದ್ದ. ಪಾಠದ ವಿಡಿಯೊ ಒಂದೇ ಕಂಪ್ಯೂಟರಿನಿಂದ ಹನ್ನೆರಡು ಸಾವಿರ ಮನೆಗೆ ಹೋಗುವುದಿಲ್ಲವಲ್ಲ. ಹಾಲನ್ನು ಬಡಾವಣೆಗೊಂದು ಬೂತಿನಲ್ಲಿ ಇಟ್ಟು ಹಂಚುವಂತೆ, ಅದರ ನಕಲುಗಳನ್ನು ಹತ್ತಾರು ಊರುಗಳ ಕಂಪ್ಯೂಟರುಗಳಲ್ಲಿ ಇಟ್ಟು, ಯಾರಿಗೆ ಯಾವುದು ಹತ್ತಿರವೋ ಅಲ್ಲಿಂದ ಕೊಡುತ್ತಾರೆ. ಆ ಜಾಲದಲ್ಲಿ ಎಲ್ಲಿ ಎಷ್ಟು ಒತ್ತಡ ಬಿದ್ದಿದೆ ಎಂದು ಹೇಳುವುದೇ ಹಸಿರು ಗೆರೆ.

ಕೊಕ್ಕರೆ ಪ್ರಕರಣದ ಮಾರನೆಯ ದಿನವೇ ಯಜಮಾನರು ಫರ್ಮಾನು ಹೊರಡಿಸಿದ್ದರು: "ಶಾಸ್ತ್ರಿಗಳು ಕುರ್ಚಿ ಬಿಟ್ಟು ಏಳಬಾರದು. ಎದ್ದರೆ ಅಲ್ಲಿ ಇನ್ನೊಬ್ಬರು ಕೂತಿರಬೇಕು."

ಎರಡು ದಿನ ಹಾಗೇ ನಡೆಯಿತು. ಆದರೆ ಇವತ್ತು ಗುರುವಾರ. ಸಂಜೆ ನಾಲ್ಕಕ್ಕೆ ಅವನ ಮಗಳ ಮೊದಲನೆಯ ಈಜು ಸ್ಪರ್ಧೆ. ಹೋದ ವರ್ಷ ಮಗಳ ಶಾಲೆಯ ನಾಟಕದ ದಿನ ಜಾಲ ಕೈಕೊಟ್ಟಿತ್ತು. ಅದರ ಹಿಂದಿನ ವರ್ಷ ಅವಳು ಹಾಡಿದ ದಿನವೂ ಅಷ್ಟೇ. ಬೆಳಿಗ್ಗೆ ಹೊರಡುವಾಗ ಮಗಳು ಏನನ್ನೂ ಕೇಳಿರಲಿಲ್ಲ; ಬ್ಯಾಗಿಗೆ ಟವೆಲ್ ತುರುಕುತ್ತಾ, "ನಿಂಗೆ ಕೆಲಸ ಇದ್ರೆ ಪರವಾಗಿಲ್ಲಪ್ಪ" ಎಂದಿದ್ದಳು. ಆ ಮಾತು ಅವನಿಗೆ ಚುಚ್ಚಿತ್ತು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ರೀ, ಅವಳು ನೀರಿಗೆ ಇಳಿಯೋವಾಗ ನೀವು ದಡದಲ್ಲಿರ್ಬೇಕು ಅಷ್ಟೆ" ಎಂದಳು ಹೆಂಡತಿ. "ಜಾಲನೋ ಬಲೆನೋ, ನಂಗೆ ಗೊತ್ತಿಲ್ಲ."

ದಾರಿಯಲ್ಲೇ ಅವನು ಉಪಾಯ ಹೂಡಿದ. ಗೆರೆಯನ್ನು ಮನುಷ್ಯನೇ ಕಾಯಬೇಕು ಅಂತೇನಿದೆ? ಇಂತಿಷ್ಟು ಒತ್ತಡ ದಾಟಿದರೆ ತಾನಾಗಿ ಮೊಬೈಲಿಗೆ ಎಚ್ಚರಿಕೆ ಬರುವ ಏರ್ಪಾಡು ಮಾಡಿಬಿಟ್ಟರೆ ಕುರ್ಚಿಯೂ ಬೇಡ, ಕಾವಲೂ ಬೇಡ. ಮಧ್ಯಾಹ್ನದೊಳಗೆ ಮುಗಿಸಿ, ಮೂರಕ್ಕೆ ಹೊರಟರೆ ಆಯಿತು.

"ಮಾಡಿ, ಮಾಡಿ" ಎಂದರು ಯಜಮಾನರು. "ಸರಿಯಾಗಿ ಕೆಲಸ ಮಾಡಿದ್ರೆ ಮೂರಕ್ಕೆ ಹೋಗಿ. ಮಿತಿ ಎಷ್ಟಿಡ್ತೀರಿ?"

"ನೂರಕ್ಕೆ ಎಂಬತ್ತು ಸಾರ್. ಅದೂ ಐದು ನಿಮಿಷ ಎಡೆಬಿಡದೆ ಎಂಬತ್ತರ ಮೇಲಿದ್ರೆ."

"ಐದು ನಿಮಿಷ! ಅಷ್ಟು ಹೊತ್ತು ನಮ್ಮ ಹಿರಿಯರು ಒಂಟಿಕಾಲಲ್ಲಿ ನಿಂತಿರ್ಬೇಕಾ? ನಲವತ್ತಕ್ಕೆ ಇಡಿ. ದಾಟಿದ ಕೂಡ್ಲೆ ಬರ್ಲಿ."

ಮಾತು ಮೀರುವಂತಿರಲಿಲ್ಲ. ನಲವತ್ತಕ್ಕೆ ಇಟ್ಟ. ಹತ್ತು ಗಂಟೆಗೆ ಪಾಠ ಶುರುವಾಯಿತು. ಹತ್ತು ಗಂಟೆ ಹತ್ತು ನಿಮಿಷದೊಳಗೆ ಮೊಬೈಲು ಅರವತ್ತೊಂದು ಸಲ ಚೀರಿತು. ಚಂದಾದಾರರು ಕೂತರೆ ಒಂದು, ಎದ್ದರೆ ಒಂದು. ಮೇಜಿನ ಮೇಲೆ ಮೊಬೈಲು ಕಾದ ಕಾವಲಿಯ ಮೇಲೆ ಬಿದ್ದ ಜಿರಲೆಯ ಹಾಗೆ ಸುತ್ತುತ್ತಾ ಸುತ್ತುತ್ತಾ ಅಂಚಿಗೆ ಬಂದು ಕೆಳಗೆ ಬಿತ್ತು.

"ಇದೇನ್ರೀ ಇದು, ನನ್ನ ಪಾಠಕ್ಕೆ ತಾಳ ಹಾಕ್ತಿದೆಯಾ?" ಎಂದು ಪಾಠ ಮುಗಿಸಿ ಬಂದ ಮೇಷ್ಟ್ರು ಕೇಳಿದರು. "ಎಂಬತ್ತೈದಕ್ಕೆ ಇಡಿ. ಯಾವ ಮೈಗಾದ್ರೂ ಸ್ವಲ್ಪ ಬಿಸಿ ತಡೆಯೋ ಶಕ್ತಿ ಇರುತ್ತೆ."

ಚಂದಾದಾರರ ಫೋನುಗಳಿಗೆ ಉತ್ತರ ಹೇಳುವ ಫೋನಕ್ಕ ಕುರ್ಚಿ ಎಳೆದುಕೊಂಡು ಬಂದು, ಸಂದೇಶ ಓದಿ ಮುಖ ಸಿಂಡರಿಸಿದಳು. ಯಂತ್ರ ಕಳಿಸಿದ್ದು ಬರೀ ಅಂಕಿ, ಅಡ್ಡಗೆರೆ, ಆವರಣ ಚಿಹ್ನೆ. ಒಂದು ಸಾಲಿನಷ್ಟೂ ಮಾತಿರಲಿಲ್ಲ.

"ಶಾಸ್ತ್ರಿಗಳೇ, ಇದನ್ನ ಓದಿ ಯಾರಿಗೆ ಏನು ಅರ್ಥ ಆಗತ್ತೆ? ಮನುಷ್ಯರು ಮಾತಾಡೋ ಹಾಗೆ ಬರೀರಿ. ನಾನು ಹೇಳ್ತೀನಿ, ಬರ್ಕೊಳ್ಳಿ. 'ಎಚ್ಚರಿಕೆ! ಒತ್ತಡ ಮಿತಿ ಮೀರಿದೆ. ತಡ ಮಾಡದೆ ಗಮನ ಕೊಡಿ.' ಕೆಳಗೆ ಕಂಪನಿ ಹೆಸರು. ಆಯ್ತಲ್ಲ?"

ಚೆನ್ನಾಗಿತ್ತು. ಶಾಸ್ತ್ರಿ ಹಾಗೇ ಬರೆದುಕೊಂಡ. ದಾಟಿದ ಕೂಡಲೇ ಬರುವುದನ್ನು ಹಾಗೇ ಬಿಟ್ಟು, ಮಿತಿಯನ್ನು ಮಾತ್ರ ತನ್ನ ಎಂಬತ್ತಕ್ಕೇ ಏರಿಸಿದ.

ಯಜಮಾನರು ಬಾಗಿಲಲ್ಲಿ ತಲೆ ಹಾಕಿದರು. "ಮಿತಿ ಎಂಬತ್ತಾ? ಇರ್ಲಿ, ನಿಮ್ಮಿಷ್ಟ. ಆದ್ರೆ ನಿಮ್ಮೊಬ್ಬರಿಗೇ ಹೋದ್ರೆ ಸಾಲದು. ನಂಗೂ ಬರ್ಬೇಕು, ಮೇಷ್ಟ್ರಿಗೂ ಹೋಗ್ಬೇಕು, ಫೋನಕ್ಕಂಗೂ ಹೋಗ್ಬೇಕು. ಎಲ್ಲರಿಗೂ ಹೋಗ್ಲಿ."

ಸಂದೇಶ ಯಾರಿಗೆ ಎಂದು ಯಂತ್ರ ಕೇಳುವ ಜಾಗದಲ್ಲಿ ಎರಡು ಪಟ್ಟಿಗಳಿದ್ದವು. ಒಂದು 'ನಾವೆಲ್ಲರೂ', ಇನ್ನೊಂದು 'ಎಲ್ಲರೂ'. ಶಾಸ್ತ್ರಿಯ ಕಣ್ಣು ಗಡಿಯಾರದ ಮೇಲಿತ್ತು, ಕಿವಿಯಲ್ಲಿ ಯಜಮಾನರ ಮಾತಿತ್ತು. 'ಎಲ್ಲರೂ' ಎನ್ನುವುದನ್ನು ಒತ್ತಿದ.

ಹನ್ನೆರಡೂವರೆಗೆ ಪರೀಕ್ಷೆ. ಆ ಹೊತ್ತಿನಲ್ಲಿ ಪಾಠವಿಲ್ಲದೆ ಜಾಲ ನಿದ್ದೆ ಹೊಡೆಯುತ್ತಿರುತ್ತದೆ. ಒತ್ತಡ ಹನ್ನೆರಡೋ ಹದಿಮೂರೋ ಅಷ್ಟೆ. ಆದ್ದರಿಂದ ಮಿತಿಯನ್ನು ಒಂದು ಗಳಿಗೆ ಹತ್ತಕ್ಕೆ ಇಳಿಸಿ, ಸಂದೇಶ ಬರುವುದನ್ನು ನೋಡಿ, ಮತ್ತೆ ಎಂಬತ್ತಕ್ಕೆ ಏರಿಸಿಬಿಡುವುದು ಅವನ ಲೆಕ್ಕ. ಊಟಕ್ಕೆ ಹೊರಟ ಯಜಮಾನರು ಬಿಟ್ಟುಹೋದದ್ದೂ ಸೇರಿ ನಾಲ್ಕು ಜನರ ಮೊಬೈಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮಿತಿ ಇಳಿಸಿದ.

'ಸಂದೇಶ ಹೋಗಿದೆ' ಎಂದಿತು ಪರದೆ. ನಾಲ್ಕು ಮೊಬೈಲುಗಳೂ ಸುಮ್ಮನಿದ್ದವು.

ಮತ್ತೆ ಮಾಡಿದ. 'ಸಂದೇಶ ಹೋಗಿದೆ.' ಸದ್ದಿಲ್ಲ.

"ಇನ್ನೊಂದ್ಸಲ ಗಟ್ಟಿಯಾಗಿ ಒತ್ತಿ" ಎಂದರು ಮೇಷ್ಟ್ರು.

ಗಟ್ಟಿಯಾಗಿ ಒತ್ತಿದ. ಮೂರನೆಯ ಸಲವೂ ಮೇಜು ಮೌನ. ಶಾಸ್ತ್ರಿ ಮಿತಿಯನ್ನು ಎಂಬತ್ತಕ್ಕೆ ಏರಿಸಿ, ಎಲ್ಲಿ ತಪ್ಪಿತು ಎಂದು ತಲೆ ಕೆರೆದುಕೊಳ್ಳುತ್ತಿರುವಾಗ ಹಸಿರು ಗೆರೆ ಮೆಲ್ಲಗೆ ಕತ್ತೆತ್ತಿತು. ಇಪ್ಪತ್ತು. ಮೂವತ್ತೈದು. ಅರವತ್ತು. ಊಟದ ಹೊತ್ತಿನಲ್ಲಿ ಯಾರೂ ಸುಳಿಯದ ಜಾಲದ ಬಾಗಿಲಿಗೆ ಜನ ಮುಗಿಬಿದ್ದಿದ್ದರು. ಎಂಬತ್ತು ದಾಟಿತು. 'ಸಂದೇಶ ಹೋಗಿದೆ' ಎಂದು ಪರದೆ ತಾನಾಗಿಯೇ ಹೇಳಿತು. ಹೇಳಿದ್ದೇ ತಡ, ಗೆರೆ ತೊಂಬತ್ತಕ್ಕೆ ನೆಗೆಯಿತು.

ಅಷ್ಟರಲ್ಲಿ ಫೋನಕ್ಕನ ಮೇಜಿನ ಮೇಲಿನ ಮೂರು ಫೋನುಗಳೂ ಒಟ್ಟಿಗೆ ಬಡಿದುಕೊಂಡವು. ಅವಳು ಒಂದನ್ನು ಎತ್ತಿ ಕೇಳಿಸಿಕೊಂಡಳು. ಆಮೇಲೆ ಫೋನಿನ ಬಾಯನ್ನು ಕೈಯಿಂದ ಮುಚ್ಚಿ, ಶಾಸ್ತ್ರಿಯ ಕಡೆ ತಿರುಗಿ ಪಿಸುಗುಟ್ಟಿದಳು:

"ಯಾರೋ ಅಜ್ಜ. ನನ್ನ ಒತ್ತಡ ಮಿತಿ ಮೀರಿರೋದು ನಿಮಗೆ ಅಲ್ಲಿ ಕೂತ್ಕೊಂಡು ಹೇಗೆ ಗೊತ್ತಾಯ್ತು ಅಂತ ಕೇಳ್ತಿದಾರೆ."

ಶಾಸ್ತ್ರಿ ಪರದೆಯ ಕಡೆ ತಿರುಗಿದ. ಪಟ್ಟಿಯನ್ನು ತೆರೆದು ನೋಡಿದ. 'ನಾವೆಲ್ಲರೂ' ಅಂದರೆ ಆಫೀಸಿನ ನಾಲ್ಕು ಜನ. 'ಎಲ್ಲರೂ' ಅಂದರೆ, ಪಾಠದ ಸಮಯ ಬದಲಾದಾಗ ತಿಳಿಸಲು ಫೋನಕ್ಕ ಮಾಡಿಟ್ಟುಕೊಂಡಿದ್ದ ಹನ್ನೆರಡು ಸಾವಿರ ಚಂದಾದಾರರ ಪಟ್ಟಿ. ಅರವತ್ತು ದಾಟಿದ ಹನ್ನೆರಡು ಸಾವಿರ ಜನ ಊಟಕ್ಕೆ ಕೂತ ಹೊತ್ತಿನಲ್ಲಿ, ಒಂದಲ್ಲ ಎರಡಲ್ಲ, ನಾಲ್ಕು ಸಲ, ತಮ್ಮ ರಕ್ತದ ಒತ್ತಡವೇ ಮಿತಿ ಮೀರಿದೆಯೆಂದು ಓದಿಕೊಂಡಿದ್ದರು. ಇದೇನೆಂದು ನೋಡಲು ಕಂಪನಿಯ ಪುಟ ತೆರೆದಿದ್ದರು. ಅವರು ತೆರೆದದ್ದಕ್ಕೆ ಜಾಲದ ಒತ್ತಡ ಏರಿತ್ತು. ಅದು ಏರಿದ್ದಕ್ಕೆ ಅವರಿಗೆ ಮತ್ತೊಂದು ಸಂದೇಶ ಹೋಗಿತ್ತು.

ಎಚ್ಚರಿಕೆಯನ್ನು ಕಿತ್ತುಹಾಕಿದ. ಆದರೆ ಹೋದದ್ದು ಹೋಗಿತ್ತು.

"ಹಲೋ, ಹೌದು ತಾತ... ನಾಲ್ಕು ಸಲ ಬಂತು ಅಂದ್ರೆ ನಾಲ್ಕು ಪಟ್ಟು ಅಂತ ಅಲ್ಲ ತಾತ..." ಫೋನಕ್ಕ ಒಂದು ಕಿವಿಯಲ್ಲಿ ಒಬ್ಬರನ್ನು, ಇನ್ನೊಂದರಲ್ಲಿ ಇನ್ನೊಬ್ಬರನ್ನು ಹಿಡಿದಿದ್ದಳು. ಮೂರನೆಯದನ್ನು ಮೇಷ್ಟ್ರು ಎತ್ತಿದರು. ಒಬ್ಬಾಕೆ, "ಪಕ್ಕದ ಮನೆಯವರಿಗೆ ಐದು ಸಲ ಬಂದಿದೆಯಂತೆ, ನಮ್ಮವರಿಗೆ ನಾಲ್ಕೇ ಯಾಕೆ?" ಎಂದು ಜಗಳಕ್ಕೇ ನಿಂತರು.

"ತಪ್ಪಾಯ್ತು ಅಂತ ಕೂಡ್ಲೆ ಇನ್ನೊಂದು ಸಂದೇಶ ಕಳಿಸಿ" ಎಂದಳು ಫೋನಕ್ಕ.

ಶಾಸ್ತ್ರಿ ಬರೆದ: 'ದಯವಿಟ್ಟು ಗಾಬರಿಯಾಗಬೇಡಿ. ಮಿತಿ ಮೀರಿದ್ದು ನಿಮ್ಮ ಒತ್ತಡವಲ್ಲ, ನಮ್ಮ ಒತ್ತಡ.' ಓದಿ ನೋಡಿದ. ನಿಜವಾದ ಮಾತೇ ಆಗಿತ್ತು. ಕಳಿಸಿದ.

ಎರಡು ನಿಮಿಷ ನೆಮ್ಮದಿ. ಆಮೇಲೆ ಶುರುವಾದ ಕರೆಗಳಲ್ಲಿ ಯಾರೂ ಗಾಬರಿಯಾಗಿರಲಿಲ್ಲ. ಎಲ್ಲರಿಗೂ ಆಫೀಸಿನವರ ಮೇಲೆ ಮರುಕ ಹುಟ್ಟಿಬಿಟ್ಟಿತ್ತು.

"ಅಯ್ಯೋ ಪಾಪ, ನಿಮಗೆ ಒತ್ತಡ ಜಾಸ್ತಿ ಆಗಿದೆಯಂತೆ? ಉಪ್ಪು ಕಡಿಮೆ ಮಾಡಪ್ಪಾ. ಮಧ್ಯಾಹ್ನ ಹತ್ತು ನಿಮಿಷ ಮಲ್ಕೋ."

"ಯಾರಿಗೆ ಆಗಿರೋದು? ಮೇಷ್ಟ್ರಿಗಾ? ಸೋಮವಾರ ಅಷ್ಟು ಹೊತ್ತು ಕಾಲೆತ್ತಿ ನಿಂತಿದ್ದೇ ತಪ್ಪಾಯ್ತು ನೋಡಿ."

"ನಾನು ನಿವೃತ್ತ ನರ್ಸ್. ವಿಳಾಸ ಹೇಳಿ, ಯಂತ್ರ ತಗೊಂಡು ಬರ್ತೀನಿ."

ಕ್ಷೇಮ ವಿಚಾರಿಸಲು ಫೋನು ಸಿಗದವರೆಲ್ಲ ಮತ್ತೆ ಪುಟ ತೆರೆದರು. ಹಸಿರು ಗೆರೆ ಪರದೆಯ ತುದಿಗೆ ತಲೆ ಬಡಿದುಕೊಂಡು, ಕೆಂಪಾಗಿ, ಕೊನೆಗೆ ಸತ್ತ ಹಾವಿನ ಹಾಗೆ ನೆಟ್ಟಗೆ ಮಲಗಿತು. ಜಾಲ ಪೂರ್ತಿ ಕುಸಿದಿತ್ತು. ಮೂರು ಗಂಟೆ ಆಗಿತ್ತು. ಶಾಸ್ತ್ರಿ ಅದನ್ನು ಎಬ್ಬಿಸಲು ಹೆಣಗುತ್ತಾ, ನೀರಿನ ಅಂಚಿನಲ್ಲಿ ನಿಂತು ಬಾಗಿಲ ಕಡೆ ನೋಡುತ್ತಿರುವ ಮಗಳನ್ನು ನೆನೆಯುತ್ತಾ, ಒಂದರ ಮೇಲೊಂದು ಗುಂಡಿ ಒತ್ತುತ್ತಾ ಹೋದ.

ಮೂರೂ ಕಾಲಿಗೆ ಜಾಲ ಎದ್ದಿತು. ಮೂರು ಇಪ್ಪತ್ತಕ್ಕೆ ಹೊರಗೆ ಊಟಕ್ಕೆ ಹೋಗಿದ್ದ ಯಜಮಾನರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಅವರ ಮುಖ ನೋಡಿ ಮೇಷ್ಟ್ರು ಕಸರತ್ತಿನ ಕೋಣೆಗೆ ಜಾರಿಕೊಂಡರು.

"ಹನ್ನೆರಡು ಸಾವಿರ ಜನ!" ಎಂದರು ಯಜಮಾನರು. "ಹೋಟೆಲಿನಲ್ಲಿ ಎದುರು ಟೇಬಲ್ಲಿನವರು ತಟ್ಟೆ ಬಿಟ್ಟು ಎದ್ದು ಹೋದ್ರು. ಡಾಕ್ಟರ ಷಾಪಿನ ಮುಂದೆ ರಸ್ತೆ ತಿರುವಿನವರೆಗೂ ಸಾಲು ನಿಂತಿದೆ. ಏನ್ರೀ ಮಾಡಿದ್ರಿ?"

"ಸಾರ್, ಪಟ್ಟಿ..."

"ಪಟ್ಟಿ ಕತೆ ಬೇಡ. ನಿಮ್ಮ ಸಾಮಾನು ತಗೊಂಡು..."

ಮೇಜಿನ ಮೇಲೇ ಉಳಿದಿದ್ದ ಅವರ ಮೊಬೈಲು ಹೊಡೆದುಕೊಂಡಿತು. "ಅಮ್ಮ, ಆಮೇಲೆ ಮಾಡ್ತೀನಿ" ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಆ ಕಡೆಯಿಂದ ಬಂದ ಮಾತುಗಳನ್ನು ಕೇಳುತ್ತಾ ಕೇಳುತ್ತಾ ಶಾಸ್ತ್ರಿಯ ಕುರ್ಚಿಯಲ್ಲೇ ಕೂತುಬಿಟ್ಟರು.

ಯಜಮಾನರ ಅಪ್ಪ ಹಟದ ಮನುಷ್ಯ. ಮಗನ ಕಂಪನಿಗೆ ಚಂದಾದಾರರಾಗಿದ್ದರೂ ಇಪ್ಪತ್ತು ವರ್ಷಗಳಿಂದ ಡಾಕ್ಟರ ಮುಖ ನೋಡಿರಲಿಲ್ಲ. ಹೆಂಡತಿ ಹೇಳಿ ಸೋತಿದ್ದರು, ಮಗ ಹೇಳಿ ಬೈಸಿಕೊಂಡಿದ್ದ. ಇವತ್ತು ನಾಲ್ಕು ಸಲ ಮೊಬೈಲು ಚೀರಿದಾಗ ಅವರಿಗೆ ರೇಗಿಹೋಯಿತಂತೆ. "ನನ್ನ ಒತ್ತಡದ ವಿಷಯ ಹೇಳೋಕೆ ಈ ಡಬ್ಬಾ ಯಾರು? ಸುಳ್ಳು ಅಂತ ಬರೆಸ್ಕೊಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಬಳಿ ಹೋದರಂತೆ. ಡಾಕ್ಟರು ಎರಡು ಸಲ ನೋಡಿ, ಯಂತ್ರ ಬದಲಾಯಿಸಿ ಮೂರನೆಯ ಸಲ ನೋಡಿ, ಅಲ್ಲೇ ಮಲಗಿಸಿದರಂತೆ. "ಇವತ್ತು ಬರದೇ ಇದ್ದಿದ್ರೆ ನಾಳೆ ನಾನು ಹೇಳೋಕೆ ಏನೂ ಉಳೀತಿರ್ಲಿಲ್ಲ" ಎಂದರಂತೆ. ಈಗ ಅಪಾಯವಿಲ್ಲ. ನಾಳೆ ಮನೆಗೆ ಕಳಿಸುತ್ತಾರೆ.

ಯಜಮಾನರು ಫೋನು ಇಟ್ಟರು. ಆಮೇಲೆ ಎದ್ದು, ಎರಡು ಕೈಗಳಿಂದ ಶಾಸ್ತ್ರಿಯ ಕೈ ಹಿಡಿದುಕೊಂಡರು. ದನಿ ಒಡೆದಿತ್ತು.

"ನಮ್ಮಪ್ಪನ್ನ ಉಳಿಸಿಬಿಟ್ರಿ ಶಾಸ್ತ್ರಿಗಳೇ."

"ನಾನೇನೂ ಮಾಡಿಲ್ಲ ಸಾರ್. ತಪ್ಪು ಪಟ್ಟಿ ಒತ್ತಿದ್ದೆ ಅಷ್ಟೆ."

"ಎಷ್ಟು ಚೆನ್ನಾಗಿ ಒತ್ತಿದ್ರಿ!"

ಫೋನಕ್ಕನೂ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಡಾಕ್ಟರ ಷಾಪಿನಿಂದಲೇ ಕರೆ ಬಂದಿತ್ತಂತೆ. ಸಾಲಿನಲ್ಲಿ ನಿಂತವರಲ್ಲಿ ಹತ್ತೊಂಬತ್ತು ಜನರಿಗೆ ನಿಜವಾಗಿಯೂ ಒತ್ತಡ ಏರಿತ್ತು, ಒಬ್ಬರಿಗೂ ಮೊದಲು ಗೊತ್ತಿರಲಿಲ್ಲ. ಮೊದಲು ಬೈದ ಫೋನುಗಳೆಲ್ಲ ಈಗ ಥ್ಯಾಂಕ್ಸ್ ಹೇಳುತ್ತಿದ್ದವು. ಒಬ್ಬ ಅಜ್ಜಿಯಂತೂ, "ಆ ಸಂದೇಶ ಕಳಿಸಿದ ಮಗು ಯಾರೋ, ನೂರು ವರ್ಷ ಬಾಳಲಿ" ಎಂದು ಹೇಳಿಟ್ಟಿದ್ದಳಂತೆ. ಮಗುವಿಗೆ ನಲವತ್ತಾರು ವರ್ಷ.

"ಏನು ಬೇಕು ಕೇಳಿ" ಎಂದರು ಯಜಮಾನರು. "ಏನು ಬೇಕಾದ್ರೂ."

"ಈಗಲೇ ಹೊರಡೋಕೆ ಬಿಡಿ ಸಾರ್. ನಾಲ್ಕಕ್ಕೆ ಮಗಳ ಈಜು ಸ್ಪರ್ಧೆ."

"ಇಷ್ಟೇನಾ! ನನ್ನ ಕಾರಲ್ಲೇ ಹೋಗಿ. ಗೆರೆ ನಾನು ನೋಡ್ಕೋತೀನಿ" ಎಂದು ಯಜಮಾನರು ಕುರ್ಚಿಯನ್ನು ಪರದೆಯ ಎದುರಿಗೆ ಎಳೆದುಕೊಂಡರು.

ಕಾರು ಈಜುಕೊಳದ ಮುಂದೆ ನಿಂತಾಗ ನಾಲ್ಕಕ್ಕೆ ಎರಡು ನಿಮಿಷ ಇತ್ತು. ಶಾಸ್ತ್ರಿ ಟಿಕೇಟಿನ ಕಿಂಡಿ, ಬಟ್ಟೆ ಬದಲಿಸುವ ಕೋಣೆಗಳು, ಒದ್ದೆ ಮೆಟ್ಟಿಲು ಎಲ್ಲ ದಾಟಿ ಓಡಿದ. ಒಂದು ಕಡೆ ಜಾರಿದ, ಕಂಬ ಹಿಡಿದು ಉಳಿದ. ಕೊಳದ ದಡಕ್ಕೆ ಬಂದು ನೋಡಿದರೆ ನೀರು ಕನ್ನಡಿಯ ಹಾಗೆ ನಿಂತಿತ್ತು. ಒಂದು ಅಲೆಯೂ ಇಲ್ಲ. ಮಕ್ಕಳು ಟವೆಲ್ ಹೊದ್ದುಕೊಂಡು ಬೆಂಚುಗಳ ಮೇಲೆ ಕಾಲು ಆಡಿಸುತ್ತಾ ಕೂತಿದ್ದರು. ಹೆಂಡತಿ ಮೂಲೆಯಲ್ಲಿ ಬ್ಯಾಗು ಕಟ್ಟುತ್ತಿದ್ದಳು.

"ಮುಗಿದೇ ಹೋಯ್ತಾ?" ಎಂದ ಏದುಸಿರಿನಲ್ಲಿ.

"ಶುರುವಾದ್ರೆ ತಾನೇ ಮುಗಿಯೋದು" ಎಂದಳು ಹೆಂಡತಿ. "ಸೀಟಿ ಊದಿ ಈಜು ಶುರು ಮಾಡಿಸೋರು ಒಬ್ಬರು ಹಿರಿಯರಂತೆ. ಗಡಿಯಾರ ಹಿಡಿಯೋರು ಇನ್ನಿಬ್ಬರು, ಅವರೂ ವಯಸ್ಸಾದವರು. ಮಧ್ಯಾಹ್ನ ಅವರ ಮೊಬೈಲಿಗೆ ಒಂದೇ ಸಮನೆ ಏನೋ ಎಚ್ಚರಿಕೆ ಬಂತಂತೆ, ಒತ್ತಡ ಮಿತಿ ಮೀರಿದೆ ಅಂತ. ಮೂರೂ ಜನ ಒಂದೇ ಆಟೋ ಹತ್ತಿ ಡಾಕ್ಟರ ಹತ್ರ ಹೋಗ್ಬಿಟ್ರಂತೆ. ಅವರಿಲ್ಲದೆ ಸ್ಪರ್ಧೆ ನಡೆಸೋ ಹಾಗಿಲ್ವಂತೆ. ಯಾವ ಪುಣ್ಯಾತ್ಮ ಕಳಿಸಿದ್ನೋ!"

ಪುಣ್ಯಾತ್ಮ ಕಂಬಕ್ಕೆ ಒರಗಿದ. "ಮತ್ತೆ... ಅವರಿಗೆ ಏನೂ ಆಗಿಲ್ವಂತಾ?"

"ಇಬ್ಬರು ಸರಿ ಇದಾರಂತೆ. ಸೀಟಿಯವರಿಗೆ ಮಾತ್ರ ಮಾತ್ರೆ ಕೊಟ್ಟಿದಾರಂತೆ. ಸದ್ಯ, ಬೇಗ ಗೊತ್ತಾಯ್ತು ಅಂತ ಅವರ ಮನೆಯವರಿಗೆ ಖುಷಿ."

ಅಷ್ಟರಲ್ಲಿ ಮಗಳು ಅವನನ್ನು ಕಂಡು ಬೆಂಚಿನಿಂದ ಹಾರಿದಳು. ಟವೆಲ್ ಎಲ್ಲೋ ಬಿತ್ತು. ಬಂದವಳೇ ಅವನ ಸೊಂಟವನ್ನು ತಬ್ಬಿಕೊಂಡಳು.

"ಅಪ್ಪಾ! ಬಂದ್ಯಾ!"

"ಬಂದೆ ಮರಿ. ಆದ್ರೆ ಸ್ಪರ್ಧೆನೇ..."

"ಒಳ್ಳೇದೇ ಆಯ್ತಪ್ಪಾ! ನಂಗೆ ಬೆಳಿಗ್ಗೆಯಿಂದ ತುಂಬಾ ಭಯ ಆಗ್ತಿತ್ತು. ನೀನು ಬರಲ್ಲ ಅನ್ಕೊಂಡಿದ್ದೆ. ಈಗ ಮುಂದಿನ ಗುರುವಾರ ನಾಲ್ಕಕ್ಕೆ ಇಟ್ಟಿದಾರೆ. ಅಷ್ಟರಲ್ಲಿ ಇನ್ನೂ ಚೆನ್ನಾಗಿ ಕಲೀತೀನಿ. ಆ ಮೆಸೇಜು ಕಳಿಸಿದವರಿಗೆ ಥ್ಯಾಂಕ್ಸ್ ಹೇಳ್ಬೇಕು, ಅಲ್ವಾ?"

ಅವನು ಬಗ್ಗಿ ಅವಳ ಹಣೆಗೆ ಮುತ್ತಿಟ್ಟ. ಇಷ್ಟು ವರ್ಷಗಳಲ್ಲಿ ಇಷ್ಟು ಜನ ಒಂದೇ ದಿನ ತನ್ನನ್ನು ಹರಸಿದ್ದಿಲ್ಲ ಅನಿಸಿ ಮನಸ್ಸು ತುಂಬಿಬಂತು. ಹಟಮಾರಿ ಮುದುಕರೊಬ್ಬರು ಬದುಕಿದರು. ಕೆಲಸ ಉಳಿಯಿತು. ಮಗಳು ತನ್ನನ್ನು ದಡದಲ್ಲಿ ನೋಡಿದಳು. ಇನ್ನೇನು ಬೇಕು?

"ಮುಂದಿನ ಗುರುವಾರ ಆಕಾಶ ಕಳಚಿ ಬಿದ್ರೂ ಬರ್ತೀನಿ" ಎಂದ. "ಯಜಮಾನರು ಈಗ ನನ್ನ ಮಾತು ತೆಗೆದುಹಾಕಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ಹೆಂಡತಿ ಕೂಡ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ಜೇಬಿನಲ್ಲಿ ಮೊಬೈಲು ನಡುಗಿತು. ಯಜಮಾನರು. ಅವರ ದನಿ ಇನ್ನೂ ಒದ್ದೆಯಾಗಿತ್ತು.

"ಶಾಸ್ತ್ರಿಗಳೇ, ತಲುಪಿದ್ರಾ? ಸರಿ ಸರಿ. ನೋಡಿ, ನೀವು ಹೋದಾಗಿನಿಂದ ನಂಗೆ ಮನಸ್ಸು ತಡೀತಿಲ್ಲ. ನಿಮಗೆ ಬಾಯಿಮಾತಲ್ಲಿ ಥ್ಯಾಂಕ್ಸ್ ಹೇಳಿ ಕೈತೊಳ್ಕೊಳ್ಳೋಕೆ ಆಗಲ್ಲ. ಸನ್ಮಾನ ಮಾಡ್ಬೇಕು ಅಂತ ತೀರ್ಮಾನ ಮಾಡಿದೀನಿ. ಸಭಾಂಗಣ ಗೊತ್ತು ಮಾಡಿಯೂ ಆಯ್ತು. ಫೋನಕ್ಕ 'ಎಲ್ಲರೂ' ಪಟ್ಟಿಗೆ ಆಹ್ವಾನ ಕಳಿಸಿದ್ಲು. ಹತ್ತು ನಿಮಿಷದಲ್ಲಿ ಎಂಟುನೂರು ಜನ ಬರ್ತೀವಿ ಅಂದಿದಾರೆ. ಅಪ್ಪನೇ ನಿಮಗೆ ಹಾರ ಹಾಕ್ತಾರಂತೆ. ನಿಮ್ಮನ್ನ ನೋಡೋವರೆಗೂ ಅವರಿಗೆ ಸಮಾಧಾನ ಇಲ್ಲ, ಆ ದಿನ ತಪ್ಪಿದ್ರೆ ಒತ್ತಡ ಮತ್ತೆ ಏರತ್ತೆ ಅಂತ ಡಾಕ್ಟರೇ ಹೇಳಿದಾರೆ. ಇಲ್ಲ ಅನ್ನೋ ಹಾಗಿಲ್ಲ."

"ಅಯ್ಯೋ, ಅಷ್ಟೆಲ್ಲ ಯಾಕೆ ಸಾರ್. ಆದ್ರೂ ತುಂಬಾ ಸಂತೋಷ." ನಿಜವಾಗಿಯೂ ಅವನಿಗೆ ಸಂತೋಷವಾಗಿತ್ತು. "ಯಾವತ್ತು ಸಾರ್?"

ಯಜಮಾನರು ಹೇಳಿದರು. ಶಾಸ್ತ್ರಿ, "ಸಾರ್, ಅವತ್ತು..." ಎನ್ನುವಷ್ಟರಲ್ಲಿ ಆ ಕಡೆ ಆಸ್ಪತ್ರೆಯಿಂದ ಇನ್ನೊಂದು ಕರೆ ಬಂದು ಫೋನು ಕಟ್ಟಾಯಿತು.

"ಯಾರ್ರೀ ಅದು?" ಎಂದಳು ಹೆಂಡತಿ.

"ಯಜಮಾನರು. ನಂಗೆ ಸನ್ಮಾನ ಮಾಡ್ತಾರಂತೆ. ಎಂಟುನೂರು ಜನ ಬರ್ತಾರಂತೆ."

"ಅಪ್ಪಂಗೆ ಸನ್ಮಾನ!" ಎಂದು ಮಗಳು ಕುಣಿದಳು. "ಯಾವಾಗಪ್ಪಾ? ಯಾವಾಗ?"

ಅವನು ನೆಲದಿಂದ ಟವೆಲ್ ಎತ್ತಿಕೊಂಡು, ನೀರಿಗೇ ಇಳಿಯದ ಮಗಳ ತಲೆಯನ್ನು ಬಹಳ ಹೊತ್ತು ಒರೆಸುತ್ತಾ ನಿಂತ.